ನಾಲ್ಕನೇ ಸಾಲಿನಿಂದ

ಆ ಪುಟದಲ್ಲಿ ಒಬ್ಬೊಬ್ಬರಿಗೆ ಮೂರು ಸಾಲು ಸಾಕು ಎಂದು ವಾದಿಸಿ ಗೆದ್ದವಳು ನಾನೇ.

ಆಗ ಶ್ರೀಕಾರ್ಯಂನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎರಡನೇ ವರ್ಷ. ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಸೋತು ಬಂದ ದಿನ ಅನ್ನ ಸೇರುತ್ತಿರಲಿಲ್ಲ. ತಿರುವನಂತಪುರದ ನಮ್ಮ ಕನ್ನಡ ಸಂಘದಲ್ಲಿ ಒಂದು ಪದ್ಧತಿಯಿತ್ತು. ವರ್ಗಾವಣೆಯಾಗಿ ಹೊರಟವರು ಬೀಳ್ಕೊಡುಗೆ ಊಟ ಮುಗಿದ ಮೇಲೆ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಏನಾದರೂ ಬರೆದು ಹೋಗಬೇಕು. ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು, ನನ್ನ ಅಪ್ಪನಂಥ ಬಾಹ್ಯಾಕಾಶದ ಕೆಲಸದವರು, ಯಾರಾದರೊಬ್ಬರು ಹೊರಡುತ್ತಲೇ ಇರುತ್ತಿದ್ದರು. ಪುಸ್ತಕದ ಬೆನ್ನು ಬಿಚ್ಚಿಹೋದಾಗ ಅದರ ಬದಲು ಒಂದು ವೆಬ್‌ಸೈಟ್ ಮಾಡಿಕೊಡು ಎಂದು ಸಂಘದ ಅಧ್ಯಕ್ಷರು ನನಗೆ ಹೇಳಿದರು. ಮಾಡಿದೆ. ‘ಹೋಗಿ ಬರ್ತೇವೆ’ ಎಂದು ಹೆಸರಿಟ್ಟೆ. ಹೊರಡುವವರು ಫೋನಿನಲ್ಲೇ ಬರೆದು ಕಳಿಸಿದರೆ ಪುಟದಲ್ಲಿ ಅವರ ಹೆಸರಿನ ಕೆಳಗೆ ಮೂರು ಸಾಲು ಕಾಣುತ್ತಿತ್ತು, ಕೊನೆಗೆ ಮೂರು ಚುಕ್ಕಿ. ಉಳಿದದ್ದು ಒಳಗೇ ಇರುತ್ತಿತ್ತು, ಹೊರಗೆ ತೋರುತ್ತಿರಲಿಲ್ಲ.

“ಪೂರ್ತಿ ಓದೋಕೆ ಒಂದು ಬಟನ್ ಇಡಮ್ಮ,” ಅಂದರು ಅಧ್ಯಕ್ಷರು.

“ಯಾಕೆ ಅಂಕಲ್? ಎಲ್ಲರೂ ಬರೆಯೋದು ಒಂದೇ. ಸಂಘಕ್ಕೆ ಧನ್ಯವಾದ, ಊಟ ಚೆನ್ನಾಗಿತ್ತು, ಈ ದಿನಗಳನ್ನ ಮರೆಯಲ್ಲ. ಬೇಕಾದ್ರೆ ಹಳೇ ಬುಕ್ಕಲ್ಲಿ ಯಾವುದಾದ್ರೂ ಎರಡು ಪುಟ ತೆಗೀರಿ, ಇಲ್ಲೇ ಓದಿ ತೋರಿಸ್ತೀನಿ.”

ತೆಗೆದರು. ಓದಿದೆ. ಎರಡೂ ಒಂದೇ ಥರ ಇದ್ದವು. ಸಭೆ ಗೊಳ್ಳೆಂದು ನಕ್ಕಿತು, ಬಟನ್ ವಿಷಯ ಅಲ್ಲಿಗೇ ಮುಗಿಯಿತು. ನಾನು ಓದಿದ್ದು ಎರಡರದ್ದೂ ಮೊದಲ ಮೂರು ಸಾಲು ಮಾತ್ರ ಎಂಬುದನ್ನು ಯಾರೂ ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲ, ಆಣೆಗೂ.

ಏಳು ವರ್ಷಗಳಾದ ಮೇಲೆ ಆ ಪುಟ ನನ್ನ ಕೈಗೆ ತಿರುಗಿ ಬಂತು. ಈಗ ನನ್ನ ಕೆಲಸ ಕೊಚ್ಚಿಯಲ್ಲಿ. ಕಚೇರಿ ಆಲುವದಲ್ಲಿ, ಮೆಟ್ರೊ ಮುಗಿಯುವ ಕಡೆ. ನಮಗೊಂದು ದೊಡ್ಡ ಕೆಲಸ ಬರುವುದಿತ್ತು: ಹಳೆಯ, ಬಹಳ ದೊಡ್ಡ ವೆಬ್‌ಸೈಟ್ ಒಂದರ ಸ್ಟೈಲ್ ಫೈಲುಗಳಿಂದ ಪ್ರಿಫಿಕ್ಸ್‌ಗಳನ್ನು ತೆಗೆದು, ಎಲ್ಲವನ್ನೂ ಪ್ರಮಾಣಿತ ಸಿಎಸ್ಎಸ್‌ಗೆ, ಪುಟದ ಅಂದಚಂದ ಹೇಳುವ ಆ ಭಾಷೆಯ ಎಲ್ಲರೂ ಒಪ್ಪಿದ ರೂಪಕ್ಕೆ, ತರುವುದು. ಪ್ರಿಫಿಕ್ಸ್ ಅಂದರೆ ಇಷ್ಟೇ. ಬ್ರೌಸರ್ ಮಾಡುವವರು ಹೊಸ ಸೌಲಭ್ಯವೊಂದನ್ನು ಪರೀಕ್ಷೆಗೆ ಬಿಡುವಾಗ ಅದರ ಹೆಸರಿನ ಮುಂದೆ ತಮ್ಮ ಗುರುತನ್ನು ಅಂಟಿಸುತ್ತಿದ್ದರು. ಒಬ್ಬರದು ವೆಬ್‌ಕಿಟ್, ಇನ್ನೊಬ್ಬರದು ಮೋಜ್, ಮತ್ತೊಬ್ಬರದು ಎಂಎಸ್. ಇದು ಇನ್ನೂ ಪ್ರಯೋಗ, ನಾಳೆ ಬದಲಾಗಬಹುದು, ನೆಚ್ಚಿಕೊಳ್ಳಬೇಡಿ ಎಂದು ಅದರ ಅರ್ಥ. ಎಲ್ಲರೂ ಒಪ್ಪಿದ ಮೇಲೆ ಗುರುತು ಉದುರಿ, ಬರೀ ಹೆಸರು ಉಳಿಯಬೇಕು. ಆದದ್ದೇನು? ಜಗತ್ತೆಲ್ಲ ನೆಚ್ಚಿಕೊಂಡೇ ಸೈಟು ಕಟ್ಟಿತು. ನಾನೂ ಕಟ್ಟಿದ್ದೆ. ಸಮಿತಿಗಳು ಒಪ್ಪುವ ತನಕ ಯಾರು ಕಾಯುತ್ತಾರೆ, ನನ್ನ ಫೋನಿನಲ್ಲಿ ಓಡಿದ್ದೇ ಪ್ರಮಾಣ ಎಂದು ಕಾಲೇಜಿನಲ್ಲಿ ಒಂದು ಇಡೀ ಚರ್ಚೆಯನ್ನೇ ಗೆದ್ದಿದ್ದೆ.

ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಒಂದು ಸಣ್ಣ ಸೈಟಿನ ಮೇಲೆ ಕ್ರಮ ಪಳಗಲಿ ಎಂದರು ನಮ್ಮ ಟೀಮ್ ಲೀಡ್. ನಾನು ಸಂಘದ ಪುಟದ ಹೆಸರು ಹೇಳಿದೆ. ಲೀಡ್ ಕೊಚ್ಚಿಯವರೇ, ನಾನು ಅವರನ್ನು ಅಣ್ಣನೆಂಬಂತೆ ಚೇಟ್ಟಾ ಅನ್ನುತ್ತೇನೆ, ಅವರು ನನ್ನನ್ನು ಸಲಿಗೆಯಿಂದ ಎಡೋ ಅನ್ನುತ್ತಾರೆ. ಕಡತ ತೆರೆದು ನೋಡಿ ಕೇಳಿದರು, “ಎಡೋ, ಇದನ್ನ ಬರೆದ ಪುಣ್ಯಾತ್ಮ ಯಾರು?”

“ನಾನೇ.”

“ಹಾಗಾದ್ರೆ ಅಪರಾಧಿಯೇ ತನಿಖೆ ಮಾಡಲಿ.”

ನಲವತ್ತೊಂದು ಸಾಲುಗಳಲ್ಲಿ ಪ್ರಿಫಿಕ್ಸ್ ಇತ್ತು. ಲೀಡ್ ಕ್ರಮ ಹೇಳಿಕೊಟ್ಟರು: ಒಂದು ಸಲಕ್ಕೆ ಒಂದೇ ಸಾಲು ತೆಗೆ. ಮೂರು ಬ್ರೌಸರ್‌ಗಳಲ್ಲೂ ಒಂದು ಹಳೆಯ ಫೋನಿನಲ್ಲೂ ನೋಡು. ಮೊದಲಿನ ಚಿತ್ರ, ಆಮೇಲಿನ ಚಿತ್ರ ಎರಡನ್ನೂ ಇಡು. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಮಾಡು. ಹಳೆಯ ಹೆಸರು, ಪ್ರಮಾಣಿತ ಹೆಸರು, ಫಲ. ನಾಲ್ಕನೆಯದು: ಇದು ಯಾಕಿತ್ತು?

“ಯಾಕಿತ್ತು ಅನ್ನೋದು ಇತಿಹಾಸ, ಚೇಟ್ಟಾ. ನಮಗೆ ಬೇಕಾದ್ದು ಪ್ರಿಫಿಕ್ಸ್ ಸೊನ್ನೆ. ನಿಯಮ ಅಂದ್ಮೇಲೆ ವಿನಾಯಿತಿ ಇರಬಾರದು.”

“ಹಿಂದೆ ಪ್ರಮಾಣವೇ ಬೇಡ ಅಂತಿದ್ದವಳು ನೀನೇ ಅಲ್ವಾ?”

“ಆಗಿನ ಪಕ್ಷ ಬೇರೆ.”

ಅವರು ನಕ್ಕು ಬಿಟ್ಟರು. ನಾಲ್ಕನೇ ಕಾಲಮ್ಮನ್ನು ನಾನು ಖಾಲಿ ಬಿಟ್ಟೆ.

ಹಳೆಯ ಫೋನು ನಮ್ಮಲ್ಲಿ ಇರಲಿಲ್ಲ. ಅದು ಇದ್ದದ್ದು ಸಂಘದ ಕಾರ್ಯದರ್ಶಿ ಆಂಟಿಯ ಕೈಯಲ್ಲಿ. ಹುಬ್ಬಳ್ಳಿಯವರು, ಬ್ಯಾಂಕಿನ ನೌಕರಿ, ಒಬ್ಬರೇ ತಿರುವನಂತಪುರದ ಪಟ್ಟಂನಲ್ಲಿ ಒಂದು ಫ್ಲಾಟಿನಲ್ಲಿದ್ದಾರೆ. ತಿಂಗಳ ಕೊನೆಗೆ ನಿವೃತ್ತಿ, ಮರುವಾರವೇ ಹುಬ್ಬಳ್ಳಿಯ ತಂಗಿ ಮನೆಗೆ. ಒಂದು ಶನಿವಾರ ಹೋಗಿ ಅವರ ಫೋನಿನಲ್ಲಿ ಪರೀಕ್ಷೆಯ ಲಿಂಕ್ ಹಾಕಿಕೊಟ್ಟೆ. ದಿನಾ ಬೆಳಿಗ್ಗೆ ತೆರೆದು ನೋಡಿ, ಏನಾದರೂ ಕೆಟ್ಟಿದ್ದರೆ ನನಗೆ ಹೇಳಿ ಎಂದೆ. ಬಾಲ್ಕನಿಯಲ್ಲಿ ಮುಚ್ಚಳವಿಲ್ಲದ ಒಂದು ಸ್ಟೀಲ್ ಟಿಫಿನ್ ಡಬ್ಬಿ ಇತ್ತು, ಅದರ ತುಂಬ ಬಟ್ಟೆಯ ಕ್ಲಿಪ್ಪು. ಇಷ್ಟು ಒಳ್ಳೆಯ ಡಬ್ಬಿಯನ್ನು ಯಾಕೆ ಹೀಗೆ ಇಟ್ಟಿದ್ದೀರಿ ಎಂದೆ.

“ಮುಚ್ಚಳ ಇಲ್ಲಲ್ಲವ್ವಾ ಅದಕ್ಕ,” ಅಂದರು. ಆಮೇಲೆ ತಾವೇ ಹೇಳಿದರು. “ಒಬ್ಬಾಕಿ ಗೆಳತಿ ಇದ್ಲು, ಮಂಗಳೂರು ಕಡೆಯಾಕಿ. ಆಗ ನಾನೂ ಶ್ರೀಕಾರ್ಯಂನ್ಯಾಗ ಇದ್ದೆ. ಹನ್ನೊಂದು ವರ್ಷ ಒಂದೇ ಬಸ್ಸಿಗೆ ಹೋಗಿ ಬಂದ್ವಿ, ಒಂದೇ ಸೀಟು. ಊರಿಗೆ ವರ್ಗ ಬೇಕಂತ ಅರ್ಜಿ ಕೊಟ್ಟಾಳ, ನನಗ ಹೇಳಿಲ್ಲ ನೋಡು. ಬಸ್ಸಿನ್ಯಾಗ ಯಾರೋ ಹೇಳಿ ಗೊತ್ತಾತು. ಸಿಟ್ಟು ಬಂತು. ಬೀಳ್ಕೊಡುಗಿಗೆ ಹೋಗಲಿಲ್ಲ ನಾ.”

“ಆಮೇಲೆ?”

“ಆಮ್ಯಾಲೇನು. ನಿನ್ನ ಪುಟದಾಗ ನೋಡಿದೆ. ಸಂಘಕ್ಕ ಧನ್ಯವಾದ, ಎಲ್ಲಾರಿಗೂ ನಮಸ್ಕಾರ. ನನ್ನ ಹೆಸರಿಲ್ಲ, ಏನಿಲ್ಲ. ಪರವೂರಿನ ಅತಿಥಿ ಬಂದು ಹೋದಂಗ. ನಾನೂ ಫೋನ್ ಮಾಡಲಿಲ್ಲ, ಆಕಿನೂ ಮಾಡಲಿಲ್ಲ. ಬಿಡು, ಚಾ ಕುಡಿ.”

ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ತಲೆಯಲ್ಲಿ ನಲವತ್ತೊಂದು ಸಾಲು ಓಡುತ್ತಿದ್ದವು. ನಿಜ ಹೇಳಬೇಕೆಂದರೆ, ಅವರ ಮಾತಿನಲ್ಲಿ ನಾನು ಆಸೆಪಟ್ಟು ಕೇಳುತ್ತಿದ್ದದ್ದು ವಿಷಯವನ್ನಲ್ಲ, ಕನ್ನಡವನ್ನು. ಅಪ್ಪ ಅಮ್ಮ ಮೈಸೂರಿಗೆ ಹೋಗಿ ಮೂರು ವರ್ಷವಾಗಿತ್ತು. ಆಲುವದಲ್ಲಿ ನಾನು ದಿನವಿಡೀ ಮಲಯಾಳ, ಇಂಗ್ಲಿಷಿನಲ್ಲಿ ಬದುಕುತ್ತೇನೆ. ಕೋಪ ಬಂದಾಗ ಮಾತ್ರ ಕನ್ನಡ ಬರುತ್ತದೆ, ಕೇಳಲು ಯಾರೂ ಇರುವುದಿಲ್ಲ.

ಮೊದಲ ವಾರ ಮೂರು ಕಡೆ ಮುಗ್ಗರಿಸಿದೆ. ಒಂದು ಬಣ್ಣ ಇನ್ನೊಂದರಲ್ಲಿ ಕರಗುವ ಗ್ರೇಡಿಯಂಟಿನ ಹಳೆಯ ಬರವಣಿಗೆಯಲ್ಲಿ ‘ಮೇಲೆ’ ಅಂದರೆ ಮೇಲಿನಿಂದ ಶುರು, ಹೊಸದರಲ್ಲಿ ‘ಮೇಲಕ್ಕೆ’ ಅಂದರೆ ಅತ್ತ ಹೊರಟಿತು ಎಂದು. ಪ್ರಿಫಿಕ್ಸ್ ಅಳಿಸಿ ‘ಮೇಲೆ’ ಇದ್ದಲ್ಲಿ ‘ಮೇಲಕ್ಕೆ’ ಎಂದು ಬರೆದದ್ದಕ್ಕೆ ಪುಟದ ಹಿನ್ನೆಲೆಯ ಆಕಾಶ ತಲೆಕೆಳಗಾಯಿತು. ಫೋಟೋಗಳನ್ನು ಸಾಲಾಗಿ ಜೋಡಿಸುವ ಹಳೆಯ ಬಾಕ್ಸ್ ವಿನ್ಯಾಸವನ್ನು ಅದರ ಹೊಸ ರೂಪವಾದ ಫ್ಲೆಕ್ಸ್‌ಗೆ ತಂದಾಗ ಫೋಟೋಗಳೆಲ್ಲ ಇಸ್ತ್ರಿ ಹಾಕಿದ ಹಾಗೆ ಒತ್ತಿಕೊಂಡವು. ಹಳೆಯದು ಒಳಗಿರುವ ವಸ್ತುವಿನ ಅಳತೆ ನೋಡಿ ಉಳಿದ ಜಾಗ ಹಂಚುತ್ತಿತ್ತು, ನಾನು ಬರೆದ ಹೊಸದು ಅಳತೆಯನ್ನು ಸೊನ್ನೆಯೆಂದು ಹಿಡಿದು ಹಂಚಿತು. ಎರಡೂ ಒಂದೇ ಎಂದು ನಂಬಿದ್ದು ನನ್ನ ತಪ್ಪು. ಪ್ರಮಾಣವಾಗುವ ದಾರಿಯಲ್ಲಿ ಹೆಸರಿನ ಜೊತೆ ಗುಣವೂ ಬದಲಾಗಿರುತ್ತದೆ, ಅದನ್ನು ಯಾರೂ ಬಾಗಿಲಿಗೆ ಬಂದು ಹೇಳುವುದಿಲ್ಲ.

ಮೂರನೆಯದು ಪುಟದ ಶಿರೋನಾಮೆ. ಬಣ್ಣವನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ, ಅಕ್ಷರವನ್ನು ಪಾರದರ್ಶಕ ಮಾಡಿದ್ದೆ. ಕತ್ತರಿಸುವ ಸಾಲಿನ ಪ್ರಿಫಿಕ್ಸ್ ತೆಗೆದ ದಿನ ಆಂಟಿಯ ಫೋನ್ ಬಂತು.

“ಯವ್ವಾ, ಹಲಗಿ ಐತಿ, ಅಕ್ಷರ ಇಲ್ಲ.”

ನಿಜ. ಅವರ ಹಳೆಯ ಬ್ರೌಸರಿಗೆ ಹೊಸ ಹೆಸರು ಗೊತ್ತಿರಲಿಲ್ಲ. ಕತ್ತರಿ ಬೀಳಲಿಲ್ಲ, ಬಣ್ಣದ ಪಟ್ಟಿ ಮಾತ್ರ ಉಳಿಯಿತು. ಲೀಡ್ ಅದನ್ನು ನೋಡಿ, ಹಳೆಯದನ್ನು ಮೇಲೆ ಬರೆ, ಪ್ರಮಾಣಿತವಾದದ್ದನ್ನು ಕೆಳಗೆ ಬರೆ, ಎರಡೂ ಇರಲಿ ಅಂದರು. ನಾನು ಒಪ್ಪಲಿಲ್ಲ. ಒಂದಕ್ಕೆ ಬಿಟ್ಟರೆ ನಲವತ್ತೊಂದಕ್ಕೂ ಬಿಡಬೇಕಾಗುತ್ತದೆ ಎಂದು ವಾದಿಸಿದೆ. ಶಿರೋನಾಮೆಯ ಬಣ್ಣದ ಸೊಗಸನ್ನೇ ಕಿತ್ತು ಸಾದಾ ನೀಲಿ ಮಾಡಿದೆ. ಅದರ ಕೆಳಗೆ ನೀರಿನಲ್ಲಿ ಬಿದ್ದಂತೆ ಕಾಣುತ್ತಿದ್ದ ನೆರಳೂ ಹೋಯಿತು. ಆ ಪ್ರತಿಬಿಂಬದ ಸೌಲಭ್ಯ ಇಷ್ಟು ವರ್ಷವಾದರೂ ಪ್ರಮಾಣವಾಗಲೇ ಇಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಆ ನೆರಳನ್ನು ತೋರಿಸಲು ನಾನು ಅಮ್ಮನನ್ನು ಅಡುಗೆಮನೆಯಿಂದ ಎಳೆದು ತಂದಿದ್ದೆ.

ಮೂವತ್ತನೇ ಸಾಲಿನ ಹೊತ್ತಿಗೆ ತಾಳ್ಮೆ ತೀರಿತು. ಬಳಕೆ ತಪ್ಪಿದ ಪ್ರಿಫಿಕ್ಸ್‌ಗಳನ್ನು ತಾನೇ ಹುಡುಕಿ ಅಳಿಸುವ ಉಪಕರಣವೊಂದಿದೆ. ಒಂದೊಂದೇ ಸಾಲು ಎಂಬ ಕ್ರಮವನ್ನು ಬದಿಗಿಟ್ಟು, ಉಳಿದದ್ದರ ಮೇಲೆ ಅದನ್ನು ಒಂದೇ ಸಲಕ್ಕೆ ಓಡಿಸಿದೆ. ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆಯ ಲಿಂಕಿಗೆ ಏರಿಸಿ ಚಹಾಕ್ಕೆ ಹೋದೆ. ಬಂದು ನೋಡಿದರೆ ಪುಟ ಹರಿದ ಚೀಲದ ಹಾಗೆ ಬಿದ್ದುಕೊಂಡಿತ್ತು. ಬೆರಳಿನಿಂದ ತಳ್ಳಿದಷ್ಟೂ ಕೆಳಕ್ಕೆ ಹೋಗುತ್ತಿತ್ತು.

ಕಾರಣ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಪಠ್ಯವನ್ನು ಮೂರು ಸಾಲಿಗೆ ನಿಲ್ಲಿಸುವ ಲೈನ್-ಕ್ಲ್ಯಾಂಪ್ ಎಂಬ ಗುಣ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಹಳೆಯ ಕಾಲದ ಇಬ್ಬರು ಜೊತೆಗಾರರು ಬೇಕು: ಹಳೆಯ ಬಾಕ್ಸ್, ಆ ಬಾಕ್ಸಿನ ದಿಕ್ಕು. ದಿಕ್ಕು ಹೇಳುವ ಸಾಲು ಹಳತಾಯಿತೆಂದು ಉಪಕರಣ ಅದನ್ನು ಅಳಿಸಿಬಿಟ್ಟಿತ್ತು. ಜೊತೆಗಾರ ಹೋದ ಮೇಲೆ ಕ್ಲ್ಯಾಂಪ್ ಸುಮ್ಮನೆ ಕೂತಿತ್ತು, ಮೂರು ಸಾಲಿನ ಕೆಳಗೆ ಅಡಗಿದ್ದದ್ದೆಲ್ಲ ಹೊರಗೆ ಬಂದಿತ್ತು. ತಮಾಷೆಯೆಂದರೆ, ಈ ಒಂದು ಗುಣದ ವಿಷಯದಲ್ಲಿ ದಾರಿ ತಿರುಗಾಮುರುಗಾ ಆಗಿದೆ. ಪ್ರಿಫಿಕ್ಸ್ ಇಲ್ಲದ ಅದರ ಹೆಸರು ಇನ್ನೂ ಕರಡಿನಲ್ಲಿದೆ, ನಂಬುವ ಹಾಗಿಲ್ಲ. ಪ್ರಿಫಿಕ್ಸ್ ಇರುವ ಹೆಸರನ್ನೋ, ಆ ಗುರುತಿಗೆ ಸಂಬಂಧವೇ ಇಲ್ಲದ ಬ್ರೌಸರ್‌ಗಳೂ ಒಪ್ಪಿಕೊಂಡುಬಿಟ್ಟಿವೆ. ಹಂಗಾಮಿಯಾಗಿ ಬಂದದ್ದು ಗುರುತು ಬಿಡದೆಯೇ ಖಾಯಂ ಆಯಿತು. ಮೂರೇ ವರ್ಷ ಅಂತ ಬಂದು ಇಪ್ಪತ್ತೆರಡು ವರ್ಷ ಇದ್ದ ನಮ್ಮ ಮನೆಯವರ ನೆನಪು ಬಂತು. ಇಂಥ ಹೋಲಿಕೆಗಳನ್ನು ನಮ್ಮ ಚರ್ಚಾ ತಂಡದಲ್ಲಿ ಕೆಂಪು ಗೆರೆ ಎಳೆದು ಹೊಡೆದುಹಾಕುತ್ತಿದ್ದೆವು. ನಾನೂ ಹೊಡೆದುಹಾಕಿ ಮುಂದೆ ಹೋದೆ.

‘ಈ ಸಾಲನ್ನು ಮುಟ್ಟಬೇಡ’ ಎಂದು ಉಪಕರಣಕ್ಕೆ ಹೇಳುವ ಒಂದು ಟಿಪ್ಪಣಿ ಬರೆದು, ಅಳಿಸಿದ್ದನ್ನು ಮರಳಿ ಹಾಕಿದೆ. ಪುಟ ಮತ್ತೆ ಮಡಚಿಕೊಂಡಿತು. ಮೂರು ಸಾಲು, ಮೂರು ಚುಕ್ಕಿ. ಅಚ್ಚುಕಟ್ಟು. ಹಾಳೆಯ ಮೂವತ್ತೊಂದನೇ ಸಾಲಿನಲ್ಲಿ ‘ಸರಿಯಾಯಿತು’ ಎಂದು ಬರೆಯುತ್ತಿದ್ದೆ, ಫೋನ್ ಬಂತು.

“ಏನ್ ಮಾಡಿದಿ ನೀನು?” ಆಂಟಿ. ಹಿಂದೆ ಬಸ್ಸಿನ ಸದ್ದು.

“ಏನಾಯ್ತು ಆಂಟಿ?”

“ಈಗಷ್ಟ ಇತ್ತು. ಅರ್ಧಾ ಓದಿದ್ದೆ. ಪಿಎಂಜಿ ಸ್ಟಾಪಿನ್ಯಾಗ ಒಮ್ಮೆ ಫೋನ್ ಬಂದ್ ಆತು, ತಿರುಗಿ ತೆಗದೆ, ಇಲ್ಲ!”

“ಓ, ಅದಾ. ಬೆಳಿಗ್ಗೆ ಒಂದು ತಪ್ಪಾಗಿತ್ತು. ಈಗ ಸರಿ ಮಾಡಿದೆ.”

“ಸರಿ ಮಾಡಿದ್ಯಾ? ತಿರುಗಿ ಕೆಡಸು.”

“ಆಂಟಿ?”

“ತಿರುಗಿ ಕೆಡಸಂದೆ. ಈಗ ಕೆಡಸು. ಸಂಘಕ್ಕ ಧನ್ಯವಾದ ಆದ ಮ್ಯಾಲೆ ಆಕಿ ಇನ್ನೂ ಬರದಾಳ.”

ಆಗ ಹೊಳೆಯಿತು. ಕುರ್ಚಿಯಲ್ಲಿ ಕೂತಿದ್ದವಳು ಎದ್ದು ನಿಂತೆ, ಯಾಕೆಂದು ಗೊತ್ತಿಲ್ಲ. ಅವರು ಏಳು ವರ್ಷ ಮುನಿಸಿಕೊಂಡದ್ದು ಗೆಳತಿಯ ಮೇಲಲ್ಲ, ನನ್ನ ಮೂರು ಸಾಲಿನ ಮೇಲೆ. ಫೋನ್ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಆ ಟಿಪ್ಪಣಿಯನ್ನೂ ಸಾಲನ್ನೂ ಅಳಿಸಿ ಏರಿಸಿದೆ. “ಈಗ ನೋಡಿ ಆಂಟಿ.” ನಾನೂ ಪುಟ ತೆರೆದೆ. ಇಬ್ಬರೂ ಒಂದೇ ಹೊತ್ತಿಗೆ ಓದಿದೆವೇನೋ. ಅವರು ಆಮೇಲೆ ಒಪ್ಪಿಗೆ ಕೊಟ್ಟದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಮೂರು ಸಾಲಿನಲ್ಲಿ ಸಂಘ, ಊಟ, ನಮಸ್ಕಾರ. ನಾಲ್ಕನೇ ಸಾಲಿನಿಂದ ಹೀಗಿತ್ತು:

“ಇನ್ನು ಮುಂದಿನದ್ದು ಒಬ್ಬರಿಗೆ ಮಾತ್ರ. ಶ್ರೀಕಾರ್ಯಂ ಬಸ್ಸಿನಲ್ಲಿ ಕಿಟಕಿ ಸೀಟು ಯಾವತ್ತೂ ನನಗೇ ಬಿಟ್ಟುಕೊಟ್ಟವರಿಗೆ. ವರ್ಗ ನಾನೇ ಕೇಳಿದ್ದು ಹೌದು. ನಿಮ್ಮ ಹತ್ತಿರ ಹೇಳ್ಲಿಕ್ಕೆ ಆಗಲಿಲ್ಲ. ಹೇಳಿದ್ದರೆ ನೀವು ಹೋಗಬೇಡ ಅಂತಿದ್ದಿರಿ, ನಾನು ನಿಲ್ಲುತ್ತಿದ್ದೆ. ಊಟಕ್ಕೆ ನೀವು ಬರಲಿಲ್ಲ, ಬಾಗಿಲು ನೋಡಿ ನೋಡಿ ಪಾಯಸವೂ ಇಳಿಯಲಿಲ್ಲ ಮಾರಾಯ್ರೆ. ನಿಮ್ಮ ಡಬ್ಬಿಯ ಮುಚ್ಚಳ ನನ್ನ ಬ್ಯಾಗಿನಲ್ಲಿ ಉಳಿದುಹೋಗಿದೆ. ಪೋಸ್ಟಿನಲ್ಲಿ ಕಳಿಸುವುದಿಲ್ಲ. ಫೋನಿನಲ್ಲಿ ಜಗಳ ಬೇಡ, ಬಂದು ಜಗಳ ಮಾಡಿ, ಮುಚ್ಚಳ ತೆಗೆದುಕೊಂಡು ಹೋಗಿ. ಸ್ಟೇಷನ್ನಿನಿಂದ ಮನೆಗೆ ನಡೆದೇ ಬರಬಹುದು.”

ಕೊನೆಗೆ ಮನೆಯ ದಾರಿ ಬರೆದಿದ್ದರು. ಅದನ್ನು ಇಲ್ಲಿ ಬಿಟ್ಟಿದ್ದೇನೆ.

“ಆಂಟಿ, ಇದ್ದೀರಾ?”

“ನನ್ನ ಸ್ಟಾಪ್ ಹೋತು,” ಅಂದರು. “ಇರ್ಲಿ. ಮುಂದ ಇಳೀತೀನಿ.”

ಆ ಶುಕ್ರವಾರ ಆಲುವದಿಂದ ಮಧ್ಯಾಹ್ನದ ಗಾಡಿ ಹತ್ತಿದೆ. ಉಳಿದ ಟಿಪ್ಪಣಿಗಳನ್ನು ಗಾಡಿಯಲ್ಲಿ ಓದಿದೆ, ಮೊದಲ ಸಲ. ಧನ್ಯವಾದ ಮುಗಿದ ಮೇಲೇ ಎಲ್ಲರೂ ಮಾತು ಶುರುಮಾಡಿದ್ದರು. ಒಬ್ಬರು ಮಗಳು ಮಲಯಾಳದಲ್ಲೇ ಕನಸು ಕಾಣುತ್ತಾಳೆಂದು ಬರೆದಿದ್ದರು. ಇನ್ನೊಬ್ಬರು ಕ್ವಾರ್ಟರ್ಸಿನ ಹಿಂದೆ ನೆಟ್ಟ ಕರಿಬೇವಿಗೆ ಯಾರಾದರೂ ನೀರು ಹಾಕಿ ಎಂದು ಕೇಳಿದ್ದರು. ಯಾರೂ ಹಾಕಿರಲಾರರು. ಕಾಯಂಕುಳಂ ದಾಟಿದ ಮೇಲೆ ಅಪ್ಪನ ಹೆಸರು ಬಂತು. ಅವರ ನಾಲ್ಕನೇ ಸಾಲು: “ಮಗಳು ಕೊಚ್ಚಿಯಲ್ಲಿ ಉಳಿಯುತ್ತಾಳೆ. ಅಲ್ಲಿ ಅವಳ ಜೊತೆ ಕನ್ನಡದಲ್ಲಿ ವಾದ ಮಾಡುವವರು ಯಾರೂ ಇಲ್ಲ. ನಿಮ್ಮಲ್ಲಿ ಯಾರಾದರೂ ಆಗಾಗ ಫೋನ್ ಮಾಡಿ, ಸ್ವಲ್ಪ ಜಗಳ ತೆಗೆಯಿರಿ. ಸೋತರೂ ಪರವಾಗಿಲ್ಲ, ಅವಳಿಗೆ ಖುಷಿಯಾಗುತ್ತದೆ.”

ಮೂರು ವರ್ಷದಲ್ಲಿ ಯಾರೂ ಮಾಡಲಿಲ್ಲ. ಹೇಗೆ ಮಾಡುತ್ತಾರೆ? ನನ್ನನ್ನು ಎಲ್ಲರೂ ಮರೆತರು ಎಂದುಕೊಂಡು, ನಾನೂ ಯಾರಿಗೂ ಮಾಡಿರಲಿಲ್ಲ.

ವರ್ಕಲ ಬರುವ ಮೊದಲು ಹಾಳೆ ತೆರೆದು ಮೂವತ್ತೊಂದನೇ ಸಾಲಿನ ‘ಸರಿಯಾಯಿತು’ ಅಳಿಸಿದೆ. ಖಾಲಿ ಬಿಟ್ಟಿದ್ದ ನಾಲ್ಕನೇ ಕಾಲಮ್ಮಿನಲ್ಲಿ, ಇದು ಯಾಕಿತ್ತು ಎಂಬಲ್ಲಿ, ‘ಬರೆದವಳು ಓದಿರಲಿಲ್ಲ’ ಎಂದು ಬರೆದೆ. ಫಲದ ಕೆಳಗೆ: ‘ಪ್ರಮಾಣಿತ ಹೆಸರು ಬಂದರೂ ಬೇಡ.’ ಶಿರೋನಾಮೆಯ ಸಾಲಿಗೆ ಹಿಂದಿರುಗಿ, ಲೀಡ್ ಹೇಳಿದಂತೆ ಹಳೆಯದನ್ನು ಮೇಲೆ, ಪ್ರಮಾಣಿತವಾದದ್ದನ್ನು ಕೆಳಗೆ ಬರೆದೆ. ಹಳೆಯ ಫೋನ್ ಇರುವವರಿಗೂ ಅಕ್ಷರ ಕಾಣಬೇಕು. ಲೀಡ್ ಅದನ್ನು ನೋಡಿ ಒಂದೇ ಸಾಲು ಕಳಿಸಿದರು: “ಉಳಿದ ನಲವತ್ತಕ್ಕೂ ನಾಲ್ಕನೇ ಕಾಲಂ ತುಂಬು. ದೊಡ್ಡ ಕೆಲಸಕ್ಕೆ ಇದೇ ಕ್ರಮ.” ವಾದಿಸದೆ ಒಂದನೇ ಸಾಲಿನಿಂದ ತುಂಬತೊಡಗಿದೆ.

ಪಟ್ಟಂನ ಫ್ಲಾಟಿನಲ್ಲಿ ಅರ್ಧ ಸಾಮಾನು ಕಟ್ಟಿಯಾಗಿತ್ತು. ಅಧ್ಯಕ್ಷರು ಒಂದು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ನಾನು ಒಳಗೆ ಬಂದವಳೇ ನಿಂತುಕೊಂಡು ಹೇಳಿಬಿಟ್ಟೆ: ತಪ್ಪು ಬ್ರೌಸರಿನದಲ್ಲ, ಉಪಕರಣದ್ದೂ ಅಲ್ಲ, ನನ್ನದು, ಬಟನ್ ಬೇಡ ಎಂದವಳು ನಾನು.

“ಆವತ್ತು ನೀನು ಚೆನ್ನಾಗೇ ಮಾತಾಡಿದೆ ಬಿಡಮ್ಮ,” ಅಂದರು ಅಧ್ಯಕ್ಷರು, ಹಗ್ಗದ ಗಂಟಿನಿಂದ ಕಣ್ಣೆತ್ತದೆ. ಅದಕ್ಕಿಂತ ಎರಡು ಬೈಗುಳ ಹಗುರಾಗಿರುತ್ತಿತ್ತು.

ಆಂಟಿ ಬೈಯಲಿಲ್ಲ. ಬಾಲ್ಕನಿಯಿಂದ ಡಬ್ಬಿ ತಂದು ಕ್ಲಿಪ್ಪುಗಳನ್ನು ಸುರಿದು, ಸೆರಗಿನಿಂದ ಒಳಗೆ ಒರೆಸಿದರು. ಹುಬ್ಬಳ್ಳಿಗೆ ಮಾಡಿಸಿದ್ದ ಟಿಕೆಟ್ ರದ್ದು ಮಾಡಿಸಿ ಮಂಗಳೂರಿಗೆ ಮಾಡಿಸಿದ್ದರು. ಪೆಟ್ಟಿಗೆಗಳು ನೇರ ತಂಗಿ ಮನೆಗೆ, ಡಬ್ಬಿ ಅವರ ಜೊತೆಗೆ.

ನನ್ನ ಬುದ್ಧಿ ಸುಮ್ಮನಿರಲಿಲ್ಲ. “ಏಳು ವರ್ಷ ಆಯ್ತಲ್ಲ ಆಂಟಿ. ಅದೇ ಮನೇಲಿ ಇದ್ದಾರೋ ಇಲ್ವೋ. ಒಂದು ಸಲ ಫೋನ್ ಮಾಡಿ ನೋಡಬಹುದಲ್ಲ?”

“ಫೋನ್ ಬ್ಯಾಡ ಅಂದಾಳಲ್ಲ.”

“ಒಂದು ವೇಳೆ ಇಲ್ಲದಿದ್ರೆ?”

“ಇಲ್ಲದಿದ್ರ ಬಾಜೂ ಮನಿಯಾಗ ಕೇಳ್ತೀನಿ. ಯವ್ವಾ, ನಿನಗ ವಾದ ಬೇಕಾಗೇತಿ ಅಂತ ನಿಮ್ಮಪ್ಪ ಬರದಾನ, ಓದೀನಿ. ಹುಬ್ಬಳ್ಳಿಗೆ ಹೋದ ಮ್ಯಾಲೆ ವಾರಕ್ಕೊಮ್ಮೆ ಫೋನ್ ಮಾಡ್ತೀನಿ, ಬೇಕಾದಷ್ಟು ಮಾಡೂಣು. ಈಗ ಬಾಯಿ ಮುಚ್ಚಿ ಆ ಪುಟ ತಗ್ದು ಕೊಡು. ನಾನೂ ಹೊಂಟೀನಲ್ಲ, ಬರೀಬೇಕು.”

ಫಾರಂ ತೆರೆದು ಕೊಟ್ಟೆ. ಕನ್ನಡಕ ಏರಿಸಿಕೊಂಡು ಒಂದೇ ಬೆರಳಲ್ಲಿ ಹೆಸರು ಒತ್ತಿದರು. ಆಮೇಲೆ ಕೇಳಿದರು, “ಎಷ್ಟ ಸಾಲು ಬರೀಬಹುದು?”

“ಎಷ್ಟಾದ್ರೂ ಬರೀರಿ ಆಂಟಿ. ಎಲ್ಲಾ ಕಾಣುತ್ತೆ.”

ಸಂಘಕ್ಕೆ ಧನ್ಯವಾದದಿಂದ ಶುರುಮಾಡುತ್ತಾರೆ ಎಂದುಕೊಂಡೆ. ಅಧ್ಯಕ್ಷರೂ ಹಗ್ಗ ಬಿಟ್ಟು ಇಣುಕಿದರು.

“ಆ ಮೂರು ಸಾಲು ಎಲ್ಲಾರೂ ಬರದಾರ,” ಅಂದರು ಆಂಟಿ, ನಮ್ಮ ಕಡೆ ನೋಡದೆ. “ನಾ ನಾಲ್ಕನೇದರಿಂದ ಹಿಡೀತೀನಿ.”

ಬೆರಳು ಒಂದೊಂದೇ ಅಕ್ಷರ ಹುಡುಕಿ ಒತ್ತಿತು: “ಡಬ್ಬಿ ತಗೊಂಡು ಬರಾಕತ್ತೀನಿ. ಮುಚ್ಚಳ ತೊಳೆದು ಇಡು.”